ಒಂದು ಒದೆಗೆ ಒತ್ತು, ಎರಡು ಒದೆಗೆ ಬಿಡು

ನನ್ನ ಮನೆಯ ಕಾರಿನ ಕಾಯಿಲೆಯನ್ನು ನಾನೇ ಕಂಡುಹಿಡಿಯುತ್ತೇನೆ, ನಾನೇ ವಾಸಿ ಮಾಡುತ್ತೇನೆ, ಅದೇ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತು ಮಗಳು, ಅಳಿಯ ಇಬ್ಬರ ಬಾಯನ್ನೂ ಮುಚ್ಚಿಸುತ್ತೇನೆ! ಹೀಗೆಂದು ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದೆ. ಬಾಯಲ್ಲಿ ನೊರೆಯಿತ್ತು. ಶಪಥದ ಅರ್ಧ ಭಾಗ ಕನ್ನಡಿಯ ಮೇಲೆ ಸಿಡಿಯಿತು.

"ಅದನ್ನ ಒರೆಸಿ ಬನ್ನಿ" ಎಂದಳು ಬಾಗಿಲಾಚೆಯಿಂದ ನನ್ನ ಹೆಂಡತಿ.

ಕನ್ನಡಿಯನ್ನು ಒರೆಸಿದೆ. ಶಪಥವನ್ನು ಒರೆಸಲಿಲ್ಲ.

ನನ್ನ ವಿದ್ಯೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಓದುವವರಿಗೇ ನಷ್ಟ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡು ತಲೆ ನೆರೆಸಿಕೊಂಡವನು ನಾನು. ಯಾವ ಮೇಷ್ಟರೂ ನನಗೆ ಕಲಿಸಿಲ್ಲ. ಕರೆಂಟೇ ನನ್ನ ಗುರು! ಬೇರೆ ಗುರುಗಳು ತಪ್ಪು ಮಾಡಿದ್ದಕ್ಕೆ ಪರೀಕ್ಷೆ ಮುಗಿದ ಮೇಲೆ ಹೊಡೆಯುತ್ತಾರೆ. ನನ್ನ ಗುರು ತಪ್ಪು ಮಾಡುತ್ತಿರುವಾಗಲೇ ಹೊಡೆಯುತ್ತಿದ್ದ. ಹಾಗೆ ಕಲಿತದ್ದು ಮರೆಯುವುದುಂಟೇ? ಮಿಕ್ಸಿ, ಪಂಪು, ಫ್ಯಾನು, ಗಡಿಯಾರ, ನಾನು ಬಿಚ್ಚದೆ ಬಿಟ್ಟ ವಸ್ತು ನಮ್ಮ ಮನೆಯಲ್ಲಿ ಒಂದೂ ಇಲ್ಲ. ಮತ್ತೆ ಮುಚ್ಚಿದ್ದರ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ಇನ್ನೊಂದು ಸಣ್ಣ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಯಾಕೆ ಬರಬೇಕು? ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಬಲ್ಲವನು ಅದರ ಬೆನ್ನೇರಿ ಬೀದಿ ಸುತ್ತುವುದು ಘನತೆಗೆ ತಕ್ಕದ್ದಲ್ಲ. ಓಡಿಸುವ ಕೆಲಸ ನನ್ನ ಹೆಂಡತಿಯದು. ಅವಳು ಹೊಲಿಗೆ ಕಲಿಸುವವಳು. ಹೊಳೆಯ ಸೇತುವೆಯಾಚೆ ಒಂದು ದೊಡ್ಡ ಕೋಣೆಯಲ್ಲಿ ಸಾಲಾಗಿ ಹೊಲಿಗೆಯಂತ್ರಗಳಿವೆ. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಹೆಂಗಸರಿಗೆ ಕತ್ತರಿ ಹಿಡಿಯುವುದರಿಂದ ಹಿಡಿದು ಕೋಟು ಹೊಲಿಯುವವರೆಗೆ ಹೇಳಿಕೊಡುತ್ತಾಳೆ. ಸೇತುವೆಯ ಮೇಲೆ ಬಸ್ಸಿಲ್ಲ. ಕಾರಿದ್ದರೆ ಪಾಠ, ಕಾರಿಲ್ಲದಿದ್ದರೆ ಪಾಠವಿಲ್ಲ. ಪಾಠವಿಲ್ಲದ ದಿನ ಅವಳು ಮನೆಯಲ್ಲಿದ್ದು ನನಗೆ ಪಾಠ ಹೇಳುತ್ತಾಳೆ.

ಈಗ ಆದದ್ದೇನೆಂದರೆ, ಕೆಲವು ವಾರಗಳಿಂದ ಕಾರಿಗೆ ಒಂದು ಚಾಳಿ ಅಂಟಿಕೊಂಡಿತ್ತು. ನಿಂತಲ್ಲಿಂದ ಹೊರಡುವಾಗ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರೆ ಒಂದು ಗಳಿಗೆ ಉಸಿರು ಕಟ್ಟಿದಂತೆ ನಿಲ್ಲುವುದು, ಆಮೇಲೆ ಚೇಳು ಕುಟುಕಿದಂತೆ ಮುಂದಕ್ಕೆ ನೆಗೆಯುವುದು. ಒಂದು ದಿನ ಪಕ್ಕದಲ್ಲಿ ಮಗಳು ಕೂತಿದ್ದಾಗಲೇ, ನಾಲ್ಕು ರಸ್ತೆ ಕೂಡುವಲ್ಲಿ, ಹೀಗೆ ನಿಂತು ನೆಗೆಯಿತು. ಹಿಂದಿನವರೆಲ್ಲ ಹಾರನ್ನು ಬಾರಿಸಿದರು. ಮಗಳು ಅಲ್ಲೇ ತೀರ್ಪು ಕೊಟ್ಟಳು: "ಅಮ್ಮಾ, ನಿನಗೆ ವಯಸ್ಸಾಯ್ತು. ಕಾಲು ಸ್ವಾಧೀನದಲ್ಲಿಲ್ಲ. ಇನ್ನು ಓಡಿಸೋದು ಬೇಡ."

ಮಗಳು, ಅಳಿಯ ಕಾರನ್ನು ವರ್ಕ್‌ಶಾಪಿಗೆ ಒಯ್ದರು. ಅಲ್ಲಿಯ ಮೆಕ್ಯಾನಿಕ್ ಕೈಗೆ ಎಣ್ಣೆ ತಾಗದವನು. ಸ್ಟಿಯರಿಂಗಿನ ಕೆಳಗೆ ಒಂದು ವೈರು ಚುಚ್ಚಿ ಅಂಗೈಯಗಲದ ಯಂತ್ರವನ್ನು ನೋಡುತ್ತ ನಿಂತ. "ದೋಷ ತೋರಿಸೋ ಯಾವ ಕೋಡೂ ಬರ್ತಿಲ್ಲ. ಗಾಡಿ ಸರಿಯಾಗಿದೆ. ಅಮ್ಮ ಸ್ವಲ್ಪ ಕಾಲು ನಿಧಾನ ಮಾಡ್ಬೇಕು, ಅಷ್ಟೇ" ಎಂದ. ಕಾರಿಗೆ ಪರಿಪೂರ್ಣ ಆರೋಗ್ಯದ ಸರ್ಟಿಫಿಕೇಟು, ನನ್ನ ಹೆಂಡತಿಯ ಕಾಲಿಗೆ ಕಳಂಕ!

ಅಳಿಯ ಇನ್ಶೂರೆನ್ಸ್ ಕಂಪನಿಯವನು. ಯಾವುದನ್ನು ನೋಡಿದರೂ ಅದು ಯಾವಾಗ ಅಪಘಾತಕ್ಕೀಡಾಗುತ್ತದೆ ಎಂದೇ ಯೋಚಿಸುವ ಮನುಷ್ಯ. "ಭಾನುವಾರ ಮಧ್ಯಾಹ್ನ ಬರ್ತೀವಿ ಮಾವ, ಕೀ ತಗೊಂಡು ಹೋಗ್ತೀವಿ" ಎಂದು ಫೋನ್ ಮಾಡಿದ. ನನ್ನ ಹೆಂಡತಿ ಫೋನಿನ ಹತ್ತಿರವೇ ನಿಂತು ಕೇಳಿಸಿಕೊಂಡಳು. ಒಂದು ಅಂಗಿಯ ಗುಂಡಿಯನ್ನು ಕಿತ್ತು ಮತ್ತೆ ಹೊಲಿದಳು. ಕಿತ್ತು ಮತ್ತೆ ಹೊಲಿದಳು.

"ಹೊಲಿಗೆಯಂತ್ರ ತುಳಿದ ಕಾಲು ಕಣ್ರೀ ಇದು" ಎಂದಳು ಕೊನೆಗೆ. "ನೂಲೆಳೆಯಷ್ಟು ಹೆಚ್ಚು ಒತ್ತಿದ್ರೂ ನನಗೆ ಗೊತ್ತಾಗುತ್ತೆ. ಸ್ವಲ್ಪ ಒತ್ತಿದಾಗ, ಸರಿಯಾಗಿ ಒಂದೇ ಕಡೆ, ಕಾರು ಸಾಯುತ್ತೆ. ಅದರಿಂದ ಆಚೆ ಈಚೆ ಸರಿಯಾಗಿರುತ್ತೆ."

ಅಷ್ಟು ಹೇಳಿದ್ದೇ ತಡ, ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಹಳೆಯ ರೇಡಿಯೋದಲ್ಲಿ ದನಿ ಹೆಚ್ಚಿಸುವ ಗುಂಡಿ ಸವೆದರೆ ಏನಾಗುತ್ತದೆ? ತಿರುಗಿಸುತ್ತ ಹೋದಂತೆ ಒಂದೇ ಒಂದು ಜಾಗದಲ್ಲಿ ಕರಕರ ಎಂದು ಸದ್ದು ಸತ್ತುಹೋಗುತ್ತದೆ. ಅಂಥದೇ ಒಂದು ಗುಂಡಿ ಕಾರಿನಲ್ಲೂ ಇದೆ! ಥ್ರಾಟಲ್ ಪೊಸಿಷನ್ ಸೆನ್ಸರ್ ಅಂತ ಅದರ ಹೆಸರು. ಹೆಸರು ಮಾತ್ರ ಊರುದ್ದ, ಆಳು ಬೆಂಕಿಪೊಟ್ಟಣದಷ್ಟು. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ ಪಕ್ಕದಲ್ಲಿ ಕೂತು, "ಈಗ ಕಾಲು ಇಷ್ಟು ಒತ್ತಿದೆ, ಈಗ ಅಷ್ಟು ಒತ್ತಿದೆ" ಎಂದು ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುವುದೇ ಅದರ ಉದ್ಯೋಗ. ಒಳಗೆ ಒಂದು ಜಾಗ ಸವೆದರೆ ಚಾಡಿಕೋರನ ನಾಲಿಗೆ ಅಲ್ಲಿ ತೊದಲುತ್ತದೆ. ಕಂಪ್ಯೂಟರು ಗಲಿಬಿಲಿಗೊಂಡು ಪೆಟ್ರೋಲು ಕೊಡಲೋ ಬೇಡವೋ ಎಂದು ಮೀನಮೇಷ ಎಣಿಸುತ್ತದೆ. ಅಷ್ಟರಲ್ಲಿ ಹಿಂದಿನವನು ಹಾರನ್ ಹೊಡೆಯುತ್ತಾನೆ!

"ನಿನ್ನ ಕಾಲಿನ ಮರ್ಯಾದೆ ಇನ್ನು ನನ್ನ ಕೈಯಲ್ಲಿದೆ" ಎಂದೆ.

"ಅದೇ ಭಯ" ಎಂದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಕಾರನ್ನು ಅಂಗಳದ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು, ನಾನು ಬಾನೆಟ್ ಎತ್ತಿದೆ. ನನ್ನದು ಮುಳ್ಳು ಓಡುವ ಹಳೆಯ ಮೀಟರು. ಈಗಿನ ಅಂಕಿ ತೋರಿಸುವ ಮೀಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಆದದ್ದನ್ನು ನುಂಗಿಹಾಕುತ್ತವೆ. ಮುಳ್ಳು ಸುಳ್ಳು ಹೇಳುವುದಿಲ್ಲ. ಸೆನ್ಸರಿನ ವೈರಿಗೆ ಮೀಟರಿನ ಒಂದು ಕಡ್ಡಿ, ಬ್ಯಾಟರಿಗೆ ಇನ್ನೊಂದು ಕಡ್ಡಿ, ಎರಡೂ ಕೈಗೆ ಕೆಲಸ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ, ಹೆಂಡತಿ ಒಳಗೆ ಕೂತು ಆಕ್ಸಿಲರೇಟರ್ ಒತ್ತಬೇಕು. ಒತ್ತಿದಂತೆ ಮುಳ್ಳು ನಯವಾಗಿ ಏರಬೇಕು. ಎಲ್ಲಿ ಬೀಳುತ್ತದೋ ಅಲ್ಲಿ ಕಾಯಿಲೆ. ಮಗುವಿಗೂ ಅರ್ಥವಾಗುವ ಪರೀಕ್ಷೆ!

ಒಂದೇ ತೊಡಕು. ಎತ್ತಿದ ಬಾನೆಟ್ಟಿನಿಂದಾಗಿ ಅವಳಿಗೆ ನಾನು ಕಾಣುವುದಿಲ್ಲ, ನನಗೆ ಅವಳು ಕಾಣುವುದಿಲ್ಲ.

"ಕೂಗಿ ಹೇಳ್ತೀರಾ?" ಎಂದಳು.

"ಕೂಗೋದು ಜಗಳಕ್ಕೆ. ಕೆಲಸಕ್ಕೆ ನಮ್ಮ ಹಳೇ ಪದ್ಧತಿ ಇದೆಯಲ್ಲ?"

ನಮ್ಮ ಅಂಗಡಿಯಲ್ಲಿ ಅದೇ ಪದ್ಧತಿಯಿತ್ತು. ಮೋಟಾರುಗಳ ಗದ್ದಲದಲ್ಲಿ ಬಾಯಿಮಾತು ಕೇಳುವುದೇ ಇಲ್ಲ. ನಾನು ಒಳಗಿನಿಂದ ತಗಡಿಗೆ ಒಮ್ಮೆ ಬಡಿದರೆ ಅವಳು ಹೊರಗೆ ಸ್ವಿಚ್ ಹಾಕುವಳು. ಎರಡು ಸಲ ಬಡಿದರೆ ತೆಗೆಯುವಳು. ಎಷ್ಟೋ ಮೋಟಾರುಗಳು ಹಾಗೆ ತಿರುಗಿ ಹೋದವು, ಒಂದು ದಿನವೂ ಎಡವಟ್ಟಾಗಲಿಲ್ಲ. ಈಗ ಕೈ ಬಿಡುವಿಲ್ಲದ್ದರಿಂದ ಕಾಲಿನಿಂದ ಬಂಪರಿಗೆ ಒದೆಯುವುದೆಂದು ನಿಶ್ಚಯಿಸಿದೆ. ಒಂದು ಒದೆಗೆ ಒತ್ತು, ಎರಡು ಒದೆಗೆ ಬಿಡು.

ಅವಳು ಗಾಜು ಏರಿಸಿಕೊಂಡು, ಮಡಿಲಲ್ಲಿ ಒಂದು ಕುಪ್ಪಸ ಇಟ್ಟುಕೊಂಡು, ಕಾಜಾ ಹೊಲಿಯುತ್ತ ಕೂತಳು. ಕೈಗೆ ಒಂದು ಕೆಲಸ, ಕಾಲಿಗೆ ಒಂದು ಕೆಲಸ. ಹೊಲಿಗೆಯವರಿಗೆ ಹಾಗೆಯೇ ಅಭ್ಯಾಸ.

ನಾನು ಒಂದು ಒದೆ ಕೊಟ್ಟೆ. ಮುಳ್ಳು ಏರಿತು. ಎಷ್ಟು ಚೆನ್ನಾಗಿ ಏರಿತು! ಏರುತ್ತಿದ್ದದ್ದು ಇದ್ದಕ್ಕಿದ್ದಂತೆ ಬುಡಕ್ಕೆ ಬಿತ್ತು. ಆಹಾ, ಸಿಕ್ಕಿತು ಕಳ್ಳ ಎಂದುಕೊಳ್ಳುವಷ್ಟರಲ್ಲಿ ಮತ್ತೆ ತಾನಾಗಿ ಏರಿತು. ಬಿತ್ತು. ಏರಿತು. ನಾನು ಕಾಲೇ ಎತ್ತಿಲ್ಲ! ಮೀಟರಿನ ಮೇಲೆ ಮುಳ್ಳು ಮದುವೆಮನೆಯ ಮಕ್ಕಳ ಹಾಗೆ ಕುಣಿಯಿತು.

ಪಕ್ಕದ ಮನೆಯಲ್ಲಿ ಬಡಗಿಯೊಬ್ಬ ಗೋಡೆಯ ಆಚೆ ಕಪಾಟು ಮಾಡುತ್ತ ಮೊಳೆ ಹೊಡೆಯುತ್ತಿದ್ದ. ನಾನು ಅತ್ತ ಗಮನವನ್ನೇ ಕೊಡಲಿಲ್ಲ. ಕೆಲಸದಲ್ಲಿ ಮುಳುಗಿದರೆ ಗುಡುಗಿದರೂ ನನಗೆ ಕೇಳಿಸದು. ಏಕಾಗ್ರತೆ ಎಂದರೆ ಅದು!

"ಇದು ಬರೀ ಸವೆದಿಲ್ಲ. ಇದಕ್ಕೆ ಹುಚ್ಚೇ ಹಿಡಿದಿದೆ!" ಎಂದು ಘೋಷಿಸಿ, ಬೀದಿಯ ಕೊನೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಡೆದು ಹೊಸ ಸೆನ್ಸರ್ ತಂದೆ. ಎರಡು ತಿರುಪು ಬಿಚ್ಚಿ ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿ, ಮೀಟರು ಹಿಡಿದು ಒಂದು ಒದೆ ಕೊಟ್ಟೆ.

ಹೊಸದೂ ಕುಣಿಯಿತು!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೆನ್ಸರನ್ನು ಕಿತ್ತು, ಮುಷ್ಟಿಯಲ್ಲಿ ಹಿಡಿದು, ಅಂಗಡಿಗೆ ದಂಡೆತ್ತಿ ಹೋದೆ.

"ಏನಯ್ಯಾ, ಬಿಳಿಕೂದಲು ನೋಡಿ ನಕಲಿ ಮಾಲು ದಾಟಿಸಿದ್ಯಾ?"

ಅಂಗಡಿಯವನು ಹೊಟ್ಟೆಯ ಮೇಲೆ ಕೈಯಿಟ್ಟು ನಿಶ್ಚಿಂತೆಯಿಂದ ಕೂತಿದ್ದ. ಅವಸರವಿಲ್ಲದೆ ತನ್ನ ಮೀಟರು ತೆಗೆದು, ಬ್ಯಾಟರಿ ಜೋಡಿಸಿ, ಬೆರಳಿನಿಂದ ಸೆನ್ಸರನ್ನು ತಿರುಗಿಸಿ ತೋರಿಸಿದ. ಎಲ್ಲೂ ತೊದಲಲಿಲ್ಲ.

"ನೋಡಿ ಯಜಮಾನ್ರೇ, ಬೆಣ್ಣೆ ಹಾಗಿದೆ."

"ನಿಮ್ಮ ಅಂಗಡೀಲಿ ಬೆಣ್ಣೆ, ನಮ್ಮ ಕಾರಲ್ಲಿ ಯಾಕೆ ಕುಣಿಯುತ್ತೆ?"

"ಅದನ್ನ ಕಾರನ್ನೇ ಕೇಳ್ಬೇಕು."

"ನನಗೆ ಬುದ್ಧಿ ಹೇಳ್ತೀಯಾ? ನೀನು ಹುಟ್ಟೋ ಮೊದಲೇ ನಾನು ಮೋಟಾರು ಕಟ್ಟಿದ್ದೀನಿ!"

"ಅದಕ್ಕೇ ಹೇಳ್ತಿರೋದು, ಇದು ಮೋಟಾರಲ್ಲ" ಎಂದ ಆ ಅಧಿಕಪ್ರಸಂಗಿ.

ಉತ್ತರ ಕೊಡುವಷ್ಟು ಕೀಳು ಮಟ್ಟಕ್ಕೆ ಇಳಿಯಲಾರದೆ ಹೊರಟುಬಂದೆ. ಹಾಗಾದರೆ ವೈರಿನ ದೋಷ! ದಾರಿಯುದ್ದಕ್ಕೂ ತೀರ್ಮಾನ ಗಟ್ಟಿಯಾಗುತ್ತ ಬಂತು. ಮನೆಗೆ ಬಂದು, ಹೊಸ ಸೆನ್ಸರನ್ನೇ ಮತ್ತೆ ಕೂರಿಸಿ, ವೈರಿನ ಸುತ್ತಿನ ಟೇಪನ್ನೆಲ್ಲ ಹರಿದೆ. ಕಾರಿನ ಹೊಟ್ಟೆಯಿಂದ ಬಣ್ಣಬಣ್ಣದ ಕರುಳುಗಳು ಹೊರಬಂದವು. ಪ್ರತಿಯೊಂದನ್ನೂ ಎಳೆದು ಜಗ್ಗಿ ನೋಡಿದೆ. ಎಲ್ಲವೂ ನನಗಿಂತ ಗಟ್ಟಿಯಾಗಿದ್ದವು.

"ಏನಾಯ್ತು ರೀ?" ಗಾಜು ಇಳಿಸಿ ಕೇಳಿದಳು. "ಮಧ್ಯಾಹ್ನ ಹತ್ತಿರ ಬಂತು. ಅವರು ಬರ್ತಾರೆ."

"ಬರಲಿ! ಸೈನ್ಯ ಕಟ್ಕೊಂಡು ಬರಲಿ! ನೀನು ಗಾಜು ಏರಿಸು."

ಮತ್ತೆ ಮೀಟರು ಹಿಡಿದೆ. ಒಂದು ಒದೆ. ಮುಳ್ಳು ಏರಿ ನಿಂತಿತು. ಅಲ್ಲಾಡಲಿಲ್ಲ! ಕಾದೆ. ಬಂಡೆಯ ಹಾಗೆ ನಿಂತಿತ್ತು. ಕೊನೆಗೂ ಈ ಯಂತ್ರಕ್ಕೆ ನನ್ನ ಭಯ ಹುಟ್ಟಿತು ಎಂದು ಮೀಸೆ ತಿರುವಬೇಕೆನಿಸಿತು, ಆದರೆ ಕೈ ಖಾಲಿಯಿರಲಿಲ್ಲ. ಆಗ ಗೋಡೆಯಾಚೆಯಿಂದ ಲೋಟ ಕೆಳಗಿಟ್ಟ ಸದ್ದು ಬಂತು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ, ಟಕ್ ಟಕ್!

ಮುಳ್ಳು ಬುಡಕ್ಕೆ ಬಿತ್ತು.

ಟಕ್!

ಮುಳ್ಳು ನೆತ್ತಿಗೇರಿತು.

ನಾನು ಕಡ್ಡಿಗಳನ್ನು ಅಲ್ಲೇ ಬಿಟ್ಟು ಮೆಲ್ಲಗೆ ಸುತ್ತಿ ಬಂದು ಕಿಟಕಿಯಲ್ಲಿ ಇಣುಕಿದೆ. ನನ್ನ ಧರ್ಮಪತ್ನಿ ತಲೆ ಬಗ್ಗಿಸಿ ಕಾಜಾ ಹೊಲಿಯುತ್ತಿದ್ದಾಳೆ. ಗೋಡೆಯಾಚೆ ಟಕ್ ಎಂದರೆ ಕಾಲು ಇಳಿಯುತ್ತದೆ. ಟಕ್ ಟಕ್ ಎಂದರೆ ಏಳುತ್ತದೆ. ಎಂಥ ಶಿಸ್ತು! ಎಂಥ ವಿಧೇಯತೆ! ಮದುವೆಯಾದಾಗಿನಿಂದ ನನ್ನ ಒಂದು ಮಾತಿಗೂ ಇಷ್ಟು ಗೌರವ ಸಿಕ್ಕಿರಲಿಲ್ಲ, ಪರರ ಮೊಳೆಗೆ ಸಿಕ್ಕಿತು!

ಬಾಗಿಲು ತೆರೆದೆ. "ಏನು ಮಾಡ್ತಿದ್ದೀಯೇ?"

"ನೀವು ಒದ್ದ ಹಾಗೆ ಒತ್ತುತ್ತಿದ್ದೀನಿ."

"ನಾನೆಲ್ಲಿ ಒದ್ದೆ? ನಾನು ಇಲ್ಲೇ ನಿಂತಿದ್ದೀನಲ್ಲ!"

ಟಕ್. ನಮ್ಮ ಮಾತಿನ ನಡುವೆಯೇ ಅವಳ ಕಾಲು ತಾನಾಗಿ ಇಳಿಯಿತು. ಇಬ್ಬರೂ ಆ ಕಾಲನ್ನೇ ನೋಡಿದೆವು. ಟಕ್ ಟಕ್. ಕಾಲು ಎದ್ದಿತು. ಅವಳು ಕುಪ್ಪಸವನ್ನು ಬಾಯಿಗೆ ಒತ್ತಿಕೊಂಡು ಎಂಥ ನಗು ನಕ್ಕಳೆಂದರೆ ಇಡೀ ಕಾರು ಅಲ್ಲಾಡಿತು.

"ಬೆಳಗಿನಿಂದ ಎಷ್ಟು ಒದೀತಾರಪ್ಪ ಇವತ್ತು, ಬಂಪರ್ ಕಳಚಿ ಬೀಳುತ್ತೆ ಅಂದ್ಕೊಂಡೆ ಕಣ್ರೀ!"

"ಕೇಳಬಾರದಿತ್ತಾ?"

"ಕೆಲಸದ ಮಧ್ಯೆ ಕೇಳಬೇಡ ಅಂತ ಯಾರು ಹೇಳಿದ್ದು?"

ಅದು ನಾನೇ. ಆದರೆ ಪದ್ಧತಿಯಲ್ಲಿ ತಪ್ಪಿಲ್ಲ. ಮನೆ ಪಕ್ಕದಲ್ಲಿ ಕಪಾಟು ಮಾಡಿಸಿದವರದು ತಪ್ಪು! ಗೋಡೆಯ ಮೇಲೆ ಬಡಗಿಯ ತಲೆ ಕಾಣಿಸಿತು. ತುಟಿಯಲ್ಲಿ ಮೊಳೆಗಳು. "ಏನಾದ್ರೂ ತೊಂದರೆ ಆಯ್ತಾ ಯಜಮಾನ್ರೇ?"

"ನೀವು ಸ್ವಲ್ಪ ಹೊತ್ತು ಸುತ್ತಿಗೆ ಕೆಳಗಿಟ್ಟರೆ ಈ ಮನೆಯ ಸಂಸಾರ ಉಳಿಯುತ್ತೆ" ಎಂದೆ.

ಆತ ಒಳ್ಳೆಯವನು. ಸುತ್ತಿಗೆ ಇಟ್ಟು ಗೋಡೆಯ ಮೇಲೆ ಮೊಣಕೈಯೂರಿ ನೋಡುತ್ತ ನಿಂತ. ನನಗೂ ಪ್ರೇಕ್ಷಕರಿದ್ದರೆ ಹುರುಪು. ಹೊಸ ಸೆನ್ಸರನ್ನು ತೆಗೆದು ಹಳೆಯದನ್ನೇ ಮತ್ತೆ ಕೂರಿಸಿದೆ. ಒಂದು ಒದೆ. ಮುಳ್ಳು ಏರುತ್ತ ಹೋಯಿತು. ಸ್ವಲ್ಪ ಏರಿದ ಮೇಲೆ, ಸರಿಯಾಗಿ ಒಂದೇ ಜಾಗದಲ್ಲಿ, ಕಾಲು ಜಾರಿದವನಂತೆ ಧೊಪ್ಪನೆ ಕುಸಿದು ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿಸಿದೆ. ಅದೇ ಜಾಗ!

"ಇಲ್ಲೇ!" ಎಂದು ಒಳಗಿನಿಂದ ಅವಳು ಕೂಗಿದಳು. "ಕಾರು ಸಾಯೋ ಜಾಗ ಇದೇ!"

ಅವಳ ಕಾಲು, ನನ್ನ ಮುಳ್ಳು, ಎರಡೂ ಒಂದೇ ಸಾಕ್ಷಿ ನುಡಿದವು. ಯಾವ ಕೋಡೂ ಇಲ್ಲವಂತೆ ಕೋಡು! ಅಂಗೈಯಗಲದ ಯಂತ್ರಗಳೇ, ಬನ್ನಿ, ಈ ಮುದುಕನ ಪಾದದ ಬಳಿ ಸಾಲಾಗಿ ಕೂತುಕೊಳ್ಳಿ! ಬಡಗಿ ಚಪ್ಪಾಳೆ ತಟ್ಟಿದ. ನಾನು ತಲೆಬಾಗಿ ಸ್ವೀಕರಿಸಿದೆ.

ಅಲ್ಲಿಗೆ ನಿಲ್ಲಿಸಿ ಹೊಸದನ್ನು ಹಾಕಿದ್ದರೆ ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಅಚ್ಚುಕಟ್ಟು ಮುಖ್ಯ. ಹಳೆಯದನ್ನು ಇಳಿಸಿದೆ. ಮಗಳಿಗೆ ಸಾಕ್ಷಿಯಾಗಿ ತೋರಿಸುವ ವಸ್ತು ಜಿಡ್ಡುಜಿಡ್ಡಾಗಿದ್ದರೆ ಚೆನ್ನಾಗಿರುತ್ತದೆಯೇ? ಅದನ್ನು ಪೆಟ್ರೋಲಿನಲ್ಲಿ ತೊಳೆದೆ. ಬೆಳಗಿನಿಂದ ನನ್ನ ಕೈಯ ಮಸಿಯೆಲ್ಲ ಹೊಸದಕ್ಕೂ ಮೆತ್ತಿಕೊಂಡಿತ್ತು, ಅದನ್ನೂ ತೊಳೆದೆ. ಎರಡನ್ನೂ ಬಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಒಣಗಲಿಟ್ಟೆ. ಅವಳಿ ಮಕ್ಕಳ ಹಾಗೆ ಮಿರಮಿರನೆ ಮಿಂಚುತ್ತಿದ್ದವು. ಅಷ್ಟರಲ್ಲಿ ಗೇಟಿನ ಬಳಿ ಅಳಿಯನ ಕಾರಿನ ಹಾರನ್! ಗಡಿಬಿಡಿಯಲ್ಲಿ ಒಂದನ್ನು ಎತ್ತಿ ಕಾರಿಗೆ ಬಿಗಿದೆ, ಇನ್ನೊಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಹರಿದ ಟೇಪಿನ ಮೇಲೆ ಹೊಸ ಟೇಪು ಸುತ್ತಿ, ನನ್ನ ಸಾಮಾನಿನ ಪೆಟ್ಟಿಗೆಯನ್ನು ಡಿಕ್ಕಿಗೆ ತುರುಕಿ, ಬಾನೆಟ್ಟನ್ನು ಧಡಾರನೆ ಮುಚ್ಚಿದೆ.

"ಇನ್ನೊಂದ್ಸಲ ಒತ್ತಿ ನೋಡೋಣವಾ?" ಎಂದು ಪಿಸುಗುಟ್ಟಿದಳು ಹೆಂಡತಿ.

"ನಾನು ಹಾಕಿದ್ದನ್ನ ಮತ್ತೆ ನೋಡೋದಾ!"

ಮಗಳು ಬಂದವಳೇ, "ಅಪ್ಪಾ, ಇದೇನು ಅವತಾರ? ಮುಖದ ತುಂಬ ಮಸಿ!" ಎಂದಳು. ಅಳಿಯ ಮೊದಲು ಕಾರಿನ ಟೈರು ನೋಡಿದ, ಆಮೇಲೆ ನನ್ನನ್ನು.

ನಾನು ಬಾನೆಟ್ಟಿನ ಮೇಲೆ ಕೈಯೂರಿದೆ. "ಕೇಳಿ ಇಬ್ಬರೂ! ನಿಮ್ಮ ಅಮ್ಮನ ಕಾಲಿನಲ್ಲಿ ದೋಷವಿಲ್ಲ. ದೋಷ ಇದ್ದದ್ದು ಸೆನ್ಸರಿನಲ್ಲಿ. ಅದನ್ನ ನಾನು ತೆಗೆದಾಯ್ತು. ಇನ್ನು ಈ ಕಾರು ಹೂವು! ಇನ್ನು ಮೇಲೂ ಇದು ಜಗ್ಗಿದರೆ, ಓಡಿಸೋರ ಕಾಲಿನದೇ ತಪ್ಪು ಅಂತ ನಾನೇ ಬರೆದುಕೊಡ್ತೀನಿ!"

ಹೆಂಡತಿ ನನ್ನ ಕಡೆ ಒಂದು ನೋಟ ಬೀರಿದಳು. ಆ ನೋಟಕ್ಕೆ ಅರ್ಥ: ಕೊನೆಯ ಮಾತನ್ನು ಹೇಳದೆ ಇರಲು ಆಗುತ್ತಿರಲಿಲ್ಲವೇ?

"ಹಾಗಿದ್ರೆ ಸೇತುವೆವರೆಗೂ ಹೋಗಿಬರೋಣ" ಎಂದ ಅಳಿಯ. "ನಾನೇ ಓಡಿಸ್ತೀನಿ."

ಅವನು ಸ್ಟಿಯರಿಂಗಿಗೆ, ನಾನು ಪಕ್ಕಕ್ಕೆ, ತಾಯಿ ಮಗಳು ಹಿಂದಕ್ಕೆ. ಬೀದಿ ದಾಟುವವರೆಗೆ ಎಲ್ಲವೂ ಸುಖವಾಗಿತ್ತು. ತಿರುವಿನಲ್ಲಿ ನಿಂತು ಹೊರಡುವಾಗ ಅಳಿಯ ಮೆಲ್ಲಗೆ ಒತ್ತಿದ.

"ಈಗ" ಎಂದಳು ಹಿಂದಿನಿಂದ ನನ್ನ ಹೆಂಡತಿ.

ಕಾರು ಉಸಿರು ಕಟ್ಟಿತು. ನೆಗೆಯಿತು. ಅಳಿಯನ ಕನ್ನಡಕ ಮೂಗಿನ ತುದಿಗೆ ಬಂತು.

"ಎಲ್ಲೋ ಹಳ್ಳ" ಎಂದೆ ನಾನು.

ಸೇತುವೆ ಏರುವಾಗ ಮುಂದಿನ ಲಾರಿ ನಿಂತಿತು, ನಾವೂ ನಿಂತೆವು. ಲಾರಿ ಹೊರಟಿತು. "ಈಗ" ಎಂದಳು ಅವಳು. ಧಡಕ್! ಸೇತುವೆಯ ನಡುಮಧ್ಯದಲ್ಲಿ ಮತ್ತೆ. "ಈಗ." ಧಡಕ್! ಈ ಬಾರಿ ಎಂಜಿನ್ ನಿಂತೇಹೋಯಿತು. ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಒಟ್ಟಿಗೆ ಹಾರನ್ ಹೊಡೆದವು.

"ಅಳಿಯಂದಿರಿಗೆ ಕಾಲು ಸ್ವಲ್ಪ ಸ್ವಾಧೀನದಲ್ಲಿಲ್ಲವೇನೋ" ಎಂದಳು ಹೆಂಡತಿ, ಸಕ್ಕರೆಯಂಥ ದನಿಯಲ್ಲಿ.

"ಅತ್ತೇ, ನನ್ನ ಕಾಲು ಸರಿಯಾಗೇ ಇದೆ!" ಅಳಿಯನ ಹಣೆಯಲ್ಲಿ ಬೆವರು. "ಇದು ಗಾಡಿದೇ ತಪ್ಪು! ಖಂಡಿತ ಗಾಡಿದೇ!"

ಬಂತಲ್ಲ ಅವನ ಬಾಯಿಂದಲೇ! ನನ್ನ ಹೆಂಡತಿಯ ಕಾಲು ನಿರಪರಾಧಿ! ನಾನು ಕುಣಿಯಬೇಕು, ಅಷ್ಟರಲ್ಲಿ ಮಗಳು ಬಾಯಿ ಹಾಕಿದಳು: "ಅಪ್ಪ ಬೆಳಗಿನಿಂದ ರಿಪೇರಿ ಮಾಡಿದ ಮೇಲೂ ಹೀಗೆ ಅಂದ್ರೆ ಈ ಕಾರು ಮುಗೀತು. ಇನ್ನು ರಿಪೇರಿ ಆಗಲ್ಲ. ನಾಳೇನೇ ಗುಜರಿಗೆ ಹಾಕಿಬಿಡೋಣ, ಅಮ್ಮ ಮನೇಲಿರಲಿ."

ಕನ್ನಡಿಯಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು. ಸೇತುವೆಯಾಚೆ ಅವಳ ಹೊಲಿಗೆ ಕೋಣೆಯ ಕಿಟಕಿಗಳೂ ಕಾಣುತ್ತಿದ್ದವು. ಅವಳು ಅವನ್ನೇ ನೋಡುತ್ತಿದ್ದಳು. ನಗು ಹೋಗಿತ್ತು.

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಆ ಇನ್ನೊಂದನ್ನು ಹೊರತೆಗೆದು ಬೆಳಕಿಗೆ ಹಿಡಿದೆ. ಬೆನ್ನಿನ ಮೇಲೆ ಅಚ್ಚೊತ್ತಿದ ಅಕ್ಷರಗಳ ಅಂಚು ಇನ್ನೂ ಚೂಪಾಗಿತ್ತು. ಬಿಸಿ ತಾಗಿ ಬಣ್ಣಗೆಟ್ಟ ಗುರುತು ಒಂದೂ ಇರಲಿಲ್ಲ. ಜೇಬಿನಲ್ಲಿರುವುದು ಹೊಸದು! ಎಂಜಿನ್ನಿಗೆ ಬಿಗಿದದ್ದು ಹಳೆಯದು!

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತದೆ, ಕಾರು ಗುಜರಿಗೆ ಹೋಗುತ್ತದೆ. ಬಾಯಿ ಬಿಟ್ಟರೆ ಕಾರು ಉಳಿಯುತ್ತದೆ, ಮಾನ ಗುಜರಿಗೆ. ಹಿಂದಿನವರಿಗೆ ನನ್ನ ಧರ್ಮಸಂಕಟ ಎಲ್ಲಿ ಅರ್ಥವಾಗಬೇಕು? ಹಾರನ್ ಹೊಡೆದೇ ಹೊಡೆದರು.

"ನಿಲ್ಲಿ!" ಎಂದು ಗುಡುಗಿದೆ. "ಯಾವ ಗುಜರಿಯೂ ಇಲ್ಲ! ಹೊಸ ಸೆನ್ಸರ್ ಇನ್ನೂ ಹಾಕಿಲ್ಲ. ಹಳೆಯದನ್ನೇ ಹಾಕಿದ್ದೀನಿ. ಬೇಕೂಂತಲೇ ಹಾಕಿದ್ದೀನಿ! ಅಳಿಯಂದಿರ ಕಾಲಿಗೂ ಒಮ್ಮೆ ಅನುಭವ ಆಗಲಿ ಅಂತ!"

ಹಿಂದಿನಿಂದ ಹೆಂಡತಿಯ ದನಿ: "ಬೇಕೂಂತಲೇ ಹಾಕಿದವರು ಈಗ ಯಾಕೆ ಇಷ್ಟು ಬೆವರ್ತಿದ್ದೀರಿ?"

"ಸೆಖೆ!" ಎಂದು ಇಳಿದುಬಿಟ್ಟೆ.

ಡಿಕ್ಕಿಯಿಂದ ಪೆಟ್ಟಿಗೆ ತೆಗೆದು, ಬಾನೆಟ್ ಎತ್ತಿ, ಇಡೀ ಸೇತುವೆಯ ಬೈಗುಳಗಳ ನಡುವೆ ಸೆನ್ಸರ್ ಬದಲಿಸಿದೆ. ಒಬ್ಬ ಸೈಕಲ್ಲಿನವನು "ತಾತಾ, ಇದೇನು ನಿಮ್ಮ ಮನೆ ಅಂಗಳವಾ?" ಎಂದ. "ಅಂಗಳದಲ್ಲೇ ಆಗಿಹೋಗಿದ್ದರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಎಂದೆ. ಒಳಗೆ ಜಾಗ ಬದಲಾಗಿತ್ತು. ಅಳಿಯ ಹಿಂದಕ್ಕೆ ಹೋಗಿ ಮಗಳ ಪಕ್ಕದಲ್ಲಿ ಮುದುಡಿಕೊಂಡಿದ್ದ. ಸ್ಟಿಯರಿಂಗಿನ ಮುಂದೆ ನನ್ನ ಹೆಂಡತಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು.

ಅವಳು ಮೆಲ್ಲಗೆ ಒತ್ತಿದಳು. ಕಾರು ನೀರಿನ ಮೇಲೆ ಎಲೆ ಸರಿದಂತೆ ಸರಿಯಿತು. ನಿಲ್ಲಿಸಿ ಮತ್ತೆ ಒತ್ತಿದಳು. ಮತ್ತೆ ಸರಿಯಿತು. ಸೇತುವೆ ದಾಟಿ, ಹೊಲಿಗೆ ಕೋಣೆಯ ಮುಂದೆ ಒಂದು ಸುತ್ತು ಹೊಡೆದು, ಬೇಕೆಂದೇ ಎಲ್ಲ ತಿರುವುಗಳಲ್ಲೂ ನಿಂತು ಹೊರಟು, ಮನೆಗೆ ತಂದು ನಿಲ್ಲಿಸಿದಳು. ಅಳಿಯನ ಕನ್ನಡಕ ಎಲ್ಲೂ ಜಾರಲಿಲ್ಲ.

"ಕೀ ನಿನ್ನ ಹತ್ತಿರಾನೇ ಇರಲಿ ಅಮ್ಮಾ" ಎಂದಳು ಮಗಳು. ದನಿ ಸಣ್ಣದಾಗಿತ್ತು. "ನಾನು ಹಾಗೆಲ್ಲ ಹೇಳಬಾರದಿತ್ತು."

ನಾನು ಎದೆಯುಬ್ಬಿಸಿದೆ. ಗೆದ್ದವನು ನಾನಲ್ಲವೇ? ಯಂತ್ರ ಕಾಣದ ದೋಷವನ್ನು ಕಂಡವನು, ಹೆಂಡತಿಯ ಕಾಲಿನ ಮಾನ ಉಳಿಸಿದವನು! ನಾಲ್ಕು ಮಾತು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಮಗಳು ನನ್ನ ಕಡೆ ತಿರುಗಿ ಕೈ ಚಾಚಿದಳು.

"ಅಪ್ಪಾ, ಆ ಪೆಟ್ಟಿಗೆ ಕೊಡಿ."

"ಯಾವ ಪೆಟ್ಟಿಗೆ?"

"ತಿರುಪುಳಿ, ಸ್ಪ್ಯಾನರು, ಮೀಟರು, ಎಲ್ಲಾ. ಸೇತುವೆ ಮಧ್ಯೆ ಕಾರು ಬಿಚ್ಚೋರ ಕೈಗೆ ಇನ್ನು ಅದು ಸಿಗಬಾರದು. ನಮ್ಮ ಮನೇಲಿರಲಿ."

"ಅಪಾಯ ಕಡಿಮೆ ಆಗುತ್ತೆ ಮಾವ" ಎಂದ ಅಳಿಯ, ಆ ದಿನ ಮೊದಲ ಬಾರಿಗೆ ಖುಷಿಯಾಗಿ.

ತಾಯಿಯ ಕೀ ಕಿತ್ತುಕೊಳ್ಳಲು ಬಂದವರು ತಂದೆಯ ಆಯುಧ ಕಿತ್ತುಕೊಂಡು ಹೊರಟರು! ನಾನು ಯಾರಿಗೂ ಬಗ್ಗುವವನಲ್ಲ. ಆದರೂ ಆ ಕ್ಷಣ ಒಮ್ಮೆ ಬಗ್ಗಿದೆ, ಬೂಟಿನ ದಾರ ಬಿಗಿ ಮಾಡಿಕೊಳ್ಳುವ ನೆಪದಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ. ಆಮೇಲೆ ನೆಟ್ಟಗೆ ನಿಂತು, ಸೋತ ರಾಜ ಖಡ್ಗ ಒಪ್ಪಿಸುವಂತೆ ಎರಡೂ ಕೈಯಿಂದ ಪೆಟ್ಟಿಗೆ ಎತ್ತಿ ಕೊಟ್ಟೆ. "ತಗೊಳ್ಳಿ! ವಿದ್ಯೆ ಪೆಟ್ಟಿಗೆಯಲ್ಲಿಲ್ಲ, ತಲೆಯಲ್ಲಿದೆ!" ಎಂದು ಹೇಳಿ, ಹಿಂತಿರುಗಿ ನೋಡದೆ ಮನೆಯೊಳಗೆ ಹೆಜ್ಜೆ ಹಾಕಿದೆ. ಮೂರು ಹೆಜ್ಜೆ ಇಟ್ಟಿರಲಿಲ್ಲ.

"ರೀ" ಎಂದು ಹಿಂದಿನಿಂದ ಕರೆದಳು ಹೆಂಡತಿ. "ಎಡಗಾಲಿನ ಕಾಲುಚೀಲದಲ್ಲಿರೋ ತಿರುಪುಳೀನೂ ಕೊಟ್ಟುಬಿಡಿ. ನಡೆಯುವಾಗ ಚುಚ್ಚುತ್ತೆ."